ಐದು ವಾರದ ನೌಕರಿ

ಫೆಬ್ರವರಿ 9

ಅಪ್ಪ, ಅಮ್ಮ,

ಮೊದಲೇ ಹೇಳಿಬಿಡುತ್ತೇನೆ, ನಾನು ಚೆನ್ನಾಗಿದ್ದೇನೆ, ಕೆಲಸವೂ ಇನ್ನೂ ಇದೆ. ಎರಡನೆಯ ಮಾತು ಅಪ್ಪನಿಗಾಗಿ. ಲಕೋಟೆ ಒಡೆಯುವ ಮೊದಲೇ "ಬಿಟ್ಟಿರ್ತಾಳೆ ನೋಡು" ಅಂದಿರುತ್ತೀರಿ, ನನಗೆ ಗೊತ್ತಿಲ್ಲವೇ?

ಅಪ್ಪ, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಮನೆಯಲ್ಲಿರುವುದು ನಿಮ್ಮ ಒಂದೇ ಫೋನು, ಅದರಲ್ಲಿ ಅವಳದು ಎರಡೇ ಮಾತು, "ಊಟ ಆಯ್ತಾ", "ಸರಿ, ಇಡ್ತೀನಿ". ನಿಮ್ಮದು ಒಂದೇ, "ಬರೆದು ಕಳ್ಸು, ಬರೀದೇ ಇದ್ದಿದ್ದು ಗಾಳಿಮಾತು". ಇಪ್ಪತ್ತಾರು ವರ್ಷ ಬ್ಯಾಂಕುಗಳ ಪರವಾಗಿ ಮನೆಮನೆ ಬಾಗಿಲು ತಟ್ಟಿ, ಸಾಲ ಕೇಳಿದವನು ಅಲ್ಲಿದ್ದಾನೋ ಇಲ್ಲವೋ, ನಂಬಬಹುದೋ ಬಾರದೋ ಎಂದು ವರದಿ ಬರೆದವರು ನೀವು. ನಿಮಗೆ ಬಾಯಿಮಾತು ಹಿಡಿಸುವುದಾದರೂ ಹೇಗೆ?

ಹಲ್ಲಿನ ಸೆಟ್ ಮಾಡುವ ಈ ಲ್ಯಾಬಿನಲ್ಲಿ ಇವತ್ತಿಗೆ ಐದು ವಾರ ಮುಗಿಯಿತು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದರೊಳಗೆ ಪ್ಲಾಸ್ಟರ್ ಕಲಸಿ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ, ಅಂಚು ಕೆರೆದು ಕೊಡಬೇಕು. ಒಂದು ಗುಳ್ಳೆ ಉಳಿದರೂ ಯಾರದೋ ಒಸಡಿಗೆ ಹುಣ್ಣು. ಪಕ್ಕದ ಮೇಜಿನಲ್ಲಿ ನಾವೆಲ್ಲ ಮೇಣದಕ್ಕ ಎಂದು ಕರೆಯುವ ಹೆಂಗಸು ಮೇಣದ ಮೇಲೆ ಹಲ್ಲು ಜೋಡಿಸುತ್ತಾರೆ. ಸಂಬಳ ಬಂದ ದಿನ ಹೊರಗೆ ಊಟಕ್ಕೆ ಹೋಗೋಣ ಅಂದರೆ, "ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ. ನಾವು ಬೇರೆಯವರಿಗೆ ಹಲ್ಲು ಮಾಡ್ಕೊಂಡೇ ಹಸ್ಕೊಂಡಿರೋರು ಕಣೇ" ಅಂದರು. ದಿನವಿಡೀ ಇಂಥದೇ ಮಾತು. ಕಚೇರಿಯ ಫೋನು ಎತ್ತುವವರೂ ಅವರೇ.

ಈಗ ಮುಖ್ಯ ವಿಷಯ. ನಾನು ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದ್ದೇನೆ. ಅಪ್ಪ, ಕುರ್ಚಿಯಿಂದ ಬೀಳಬೇಡಿ.

ಕಾರಣ ಅಮ್ಮ. ಅಮ್ಮ, ನಿನ್ನ ಕಣ್ಣಿನೊಳಗೆ ಒತ್ತಡ ಏರಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಎಂದು ಅಲ್ಲಿನ ಡಾಕ್ಟರು ಹೇಳಿದರಲ್ಲ. ಅವರು ಬರೆದುಕೊಟ್ಟ ಕಣ್ಣಾಸ್ಪತ್ರೆ ನನ್ನ ಲ್ಯಾಬಿನಿಂದ ಹತ್ತು ನಿಮಿಷದ ನಡಿಗೆ. ವಿಚಾರಿಸಿಕೊಂಡು ಬಂದೆ. ಎರಡು ತಿಂಗಳು, ವಾರಕ್ಕೊಮ್ಮೆ ತೋರಿಸಬೇಕಂತೆ. ಹಾಸ್ಟೆಲಿನಲ್ಲಿ ನಿನ್ನನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ. ಲ್ಯಾಬಿನ ಹಿಂದಿನ ಬೀದಿಯಲ್ಲಿ ಒಂದು ರೂಮು ನೋಡಿದ್ದೇನೆ. ಮೂರು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುತ್ತಿದ್ದಾರೆ. ನನ್ನ ಕೈಲಿರುವುದು ಒಂದೇ ತಿಂಗಳ ಸಂಬಳ. ಕಾರ್ಡು ಬಂದರೆ ಅಡ್ವಾನ್ಸ್ ಕಟ್ಟಿ, ತಿಂಗಳು ತಿಂಗಳು ತೀರಿಸುತ್ತೇನೆ. ನೀನು ಬಂದು ನನ್ನ ಜೊತೆ ಇರು ಅಮ್ಮ.

ಅರ್ಜಿಯಲ್ಲಿ ವಿಚಾರಿಸಬಹುದಾದ ಬಂಧು ಯಾರೆಂದು ಕೇಳುವ ಕಾಲಂ ಒಂದಿದೆ. ಅಪ್ಪನ ಹೆಸರು ಬರೆದೆ. ಆ ಲೋಕದಲ್ಲಿ ನಿಮ್ಮ ಒಂದು ಮಾತಿಗೆ ಎಷ್ಟು ತೂಕ ಎಂದು ನೀವೇ ಕೊಚ್ಚಿಕೊಳ್ಳುತ್ತಿದ್ದಿರಲ್ಲ! ಫೋನ್ ಬಂದಾಗ "ನನ್ನ ಮಗಳು, ಒಳ್ಳೆಯವಳು" ಎಂದರೆ ಸಾಕು. ಒಳ್ಳೆಯವಳು ಎನ್ನಲು ಗಂಟಲು ಕಟ್ಟಿದರೆ ಮಗಳು ಎಂದಷ್ಟೇ ಹೇಳಿ.

ಇಂತಿ ನಿಮ್ಮಿಬ್ಬರ
ಮಗಳು


ಫೆಬ್ರವರಿ 17

ಮಗಳಿಗೆ ಆಶೀರ್ವಾದ.

ನಿನ್ನ ಪತ್ರ ಅಂಚೆ ಮುದ್ರೆಯ ಪ್ರಕಾರ ಆರು ದಿನ ದಾರಿಯಲ್ಲಿದ್ದು ನಿನ್ನೆ ತಲುಪಿತು. ವಿಷಯ ತಿಳಿಯಿತು.

ನೀನು ಕೇಳದಿದ್ದರೂ ಅನುಭವಸ್ಥನಾಗಿ ಎರಡು ಮಾತು ಬರೆಯುತ್ತೇನೆ. ಐದು ವಾರದ ನೌಕರಿಯ ಮೇಲೆ ಕಾರ್ಡು ಕೇಳುವುದು ನೆಟ್ಟ ದಿನವೇ ಕಾಯಿ ಕೀಳಲು ಹೋದ ಹಾಗೆ. ಇಂಥ ಅರ್ಜಿಗಳನ್ನು ನಾನು ಸಾವಿರಗಟ್ಟಲೆ ನೋಡಿದ್ದೇನೆ. ಅರ್ಜಿದಾರನನ್ನು ನಾನು ಯಾವತ್ತೂ ಮೊದಲು ಮಾತಾಡಿಸಿದವನಲ್ಲ. ಅಕ್ಕಪಕ್ಕದ ಎರಡು ಮನೆಯಲ್ಲಿ ಬೇರೆಬೇರೆಯಾಗಿ ಕೇಳುತ್ತಿದ್ದೆ. ಎರಡು ಬಾಯಿ ಒಂದೇ ಮಾತು ಹೇಳಿದರೆ ಮಾತ್ರ ಬರೆಯುತ್ತಿದ್ದೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿ, ತಂತಿಯ ಮೇಲೆ ಒಣಗುವ ಬಟ್ಟೆ, ಇವು ಸುಳ್ಳು ಹೇಳುವುದಿಲ್ಲ. ಯಾರ ಮನೆಯಲ್ಲೂ ಒಂದು ಲೋಟ ನೀರು ಕುಡಿಯಲಿಲ್ಲ. ಕುಡಿದರೆ ದಾಕ್ಷಿಣ್ಯ ಬರುತ್ತದೆ.

ಹಿಂದಿನ ಎರಡು ಕೆಲಸ ನೀನು ವರ್ಷ ತುಂಬುವ ಮೊದಲೇ ಬಿಟ್ಟಿದ್ದೀಯ. ಒಂದು ಅಂಗಡಿ ಮುಚ್ಚಿತು, ಇನ್ನೊಂದರ ಯಜಮಾನನ ನಡತೆ ಸರಿಯಿರಲಿಲ್ಲ, ಒಪ್ಪಿದೆ. ಆದರೆ ಕಾಗದದ ಮೇಲೆ ಕಾರಣ ಕಾಣುವುದಿಲ್ಲ, ದಿನಾಂಕ ಕಾಣುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಅಮ್ಮನಿಗೆ ಪತ್ರ ಓದಿ ಹೇಳಿದೆ. ಆತುರವೇನಿಲ್ಲ ಅಂದಳು. ಕಣ್ಣಿಗೆ ಹನಿ ಹಾಕುತ್ತಿದ್ದೇನೆ, ದಿನಕ್ಕೆ ಎರಡು ಹೊತ್ತು, ಗಡಿಯಾರ ನೋಡಿ. ಹನಿಯಲ್ಲೇ ಹತೋಟಿಗೆ ಬರುತ್ತದೆ.

ಇಂತಿ,
ಅಪ್ಪ


ಮಾರ್ಚ್ 6

ಅಪ್ಪ, ಅಮ್ಮ,

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದಿರಿ. ಹಾಸ್ಟೆಲಿನಲ್ಲಿ ನನ್ನ ಮಂಚ ಗೋಡೆಗೂ ಕಬ್ಬಿಣದ ಬೀರುವಿಗೂ ನಡುವೆ ಇದೆ. ನಾನು ಮಲಗುವುದೇ ಮಂಡಿ ಮಡಿಸಿಕೊಂಡು. ಇನ್ನೆಷ್ಟು ಮಡಿಸಲಿ ಹೇಳಿ.

ಬ್ಯಾಂಕಿನಿಂದ ಲ್ಯಾಬಿಗೆ ಫೋನ್ ಬಂದಿತ್ತು. ಮೇಣದಕ್ಕ ಎತ್ತಿದರು. ನಾನು ಪ್ಲಾಸ್ಟರ್ ಕಲಸುತ್ತಿದ್ದೆ, ಬಿಟ್ಟು ಹೋದರೆ ಬೋಗುಣಿಯಲ್ಲೇ ಕಲ್ಲಾಗುತ್ತದೆ. ಯಂತ್ರದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಬಂದು ನನ್ನ ಕಡೆ ನೋಡಿ ನಕ್ಕರು. "ಏನ್ ಹೇಳಿದ್ರಿ" ಅಂದರೆ, "ನಿನ್ನ ಹಲ್ಲು ಎಣಿಸಿ ಹೇಳ್ದೆ" ಅಂದರು. ಇನ್ನುಳಿದದ್ದು ಅಪ್ಪನಿಗೆ ಬರುವ ಕರೆ. ಈ ವಾರ ಬರುತ್ತದಂತೆ. ಫೋನು ಚಾರ್ಜಿನಲ್ಲಿಡಿ.

ಅಮ್ಮ, ರೂಮಿನ ವಿಷಯ ಕೇಳು. ಎರಡನೇ ಮಹಡಿ, ಆದರೆ ಮೆಟ್ಟಿಲು ಅಗಲ, ಎರಡೂ ಕಡೆ ಹಿಡಿಕೆ ಇದೆ. ಹದಿನೆಂಟು ಮೆಟ್ಟಿಲು, ಒಂಬತ್ತರ ನಂತರ ಒಂದು ತಿರುವು. ಕಣ್ಣು ಮುಚ್ಚಿಕೊಂಡು ಹತ್ತಿ ಇಳಿದು ನೋಡಿದೆ, ಮನೆಯವರು ನನಗೆ ತಲೆ ಕೆಟ್ಟಿದೆ ಅಂದುಕೊಂಡರು. ಒಲೆ ಕಟ್ಟೆ ಕಿಟಕಿಯ ಪಕ್ಕ, ಬೆಳಗಿನ ಬೆಳಕು ನೇರ ಅದರ ಮೇಲೆ ಬೀಳುತ್ತದೆ. ಬಚ್ಚಲಿನ ನಲ್ಲಿ ಒಂದು ಸೋರುತ್ತದೆ, ಸರಿಮಾಡಿಸುತ್ತೇನೆ. ಮನೆಯೊಡತಿ ಇಪ್ಪತ್ತನೇ ತಾರೀಖಿನವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದಿದ್ದಾರೆ.

ಆತುರವೇನಿಲ್ಲ ಅಂದೆಯಂತೆ. ನಿನ್ನದು ಯಾವಾಗಲೂ ಇದೇ. ಜ್ವರ ಬಂದರೂ ಆತುರವಿಲ್ಲ, ಹಸಿದರೂ ಆತುರವಿಲ್ಲ. ಕಣ್ಣಿಗೆ ಆತುರವಿದೆ ಅಮ್ಮ. ಬರುತ್ತೀಯೋ ಇಲ್ಲವೋ, ಒಂದು ಮಾತು ನೀನೇ ಹೇಳಿ ಅಪ್ಪನ ಕೈಲಿ ಬರೆಸು.

ಇಂತಿ
ಮಗಳು


ಮಾರ್ಚ್ 24

ಅಪ್ಪ, ಅಮ್ಮ,

ಅರ್ಜಿ ತಿರಸ್ಕಾರವಾಯಿತು. ಒಂದೇ ಸಾಲಿನ ಕಾಗದ. "ವಿಚಾರಣೆಯ ನಂತರ ನಿಮ್ಮ ಕೋರಿಕೆಯನ್ನು ಪರಿಗಣಿಸಲಾಗುತ್ತಿಲ್ಲ." ವಿಚಾರಣೆಯಲ್ಲಿ ಏನು ಸಿಕ್ಕಿತು, ಯಾರು ಏನಂದರು, ಒಂದೂ ಇಲ್ಲ.

ರೂಮು ಹೋಯಿತು. ಇಪ್ಪತ್ತೊಂದನೇ ತಾರೀಖು ಬೆಳಿಗ್ಗೆ ಹೋಗಿ ಇನ್ನೊಂದು ವಾರ ಕೊಡಿ ಎಂದು ಕೇಳಿದೆ. ಆಗಲೇ ಯಾರೋ ಮಂಚ ಸಾಗಿಸುತ್ತಿದ್ದರು. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು, ನಾನೇ ಒಂದು ಕಾಲು ಎತ್ತಿ ಕೊಟ್ಟೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನಾನು ಆ ತುತ್ತನ್ನು ಬೇರೆಯವರ ಬಾಯಿಗೆ ಹೊತ್ತುಕೊಟ್ಟು ಬಂದೆ.

ಇನ್ನೊಂದು ಕೆಲಸ ಮಾಡಿದ್ದೇನೆ. ಮೇಣದಕ್ಕನ ಮೇಲೆ ಎಗರಿದೆ. ಲ್ಯಾಬಿಗೆ ಬಂದ ಕರೆ ತೆಗೆದುಕೊಂಡವರು ಅವರು, ನಕ್ಕವರು ಅವರು. ಎಲ್ಲರೆದುರು, "ನಿಮ್ಮ ತಮಾಷೆಗೆ ನಮ್ಮಮ್ಮನ ಕಣ್ಣು ಬೇಕಿತ್ತಾ" ಎಂದು ಕೇಳಿಬಿಟ್ಟೆ. ಅವರು ಮೇಣದ ಚಾಕುವನ್ನು ಒರೆಸಿ ಕೆಳಗಿಟ್ಟು ಒಳಗೆ ಹೋದರು. ಅವತ್ತಿನಿಂದ ನಮ್ಮ ಮೇಜುಗಳ ನಡುವೆ ಮಾತಿಲ್ಲ. ಅಚ್ಚುಗಳನ್ನು ದೂಡಿಕೊಳ್ಳುತ್ತೇವೆ, ಅಷ್ಟೇ.

ಅಮ್ಮ, ಧೈರ್ಯ ಬಿಡಬೇಡ. ಬೇರೆ ರೂಮು ಹುಡುಕುತ್ತೇನೆ. ಕರೆದುಕೊಂಡು ಬರುವುದಂತೂ ಖಂಡಿತ. ಅಪ್ಪ, ನಿಮಗೆ ಕರೆ ಬಂದಿತ್ತಾ? ನೀವು ಬರೆಯಲೇ ಇಲ್ಲವಲ್ಲ.

ಇಂತಿ
ಮಗಳು


ಏಪ್ರಿಲ್ 2

ಮಗಳಿಗೆ ಆಶೀರ್ವಾದ.

ವಿಷಯ ತಿಳಿದು ಬೇಸರವಾಯಿತು. ಹೋಗಲಿ ಬಿಡು. ಆಗುವುದೆಲ್ಲ ಒಳ್ಳೆಯದಕ್ಕೇ. ಕಾರ್ಡು ಬಂದಿದ್ದರೆ ಬಡ್ಡಿ, ಬಡ್ಡಿಗೆ ಬಡ್ಡಿ. ನೀನು ಇನ್ನೂ ಚಿಕ್ಕವಳು. ಆರು ತಿಂಗಳು ಒಂದೇ ಕಡೆ ನಿಂತು ಕೆಲಸ ಮಾಡು, ಅವರೇ ಮನೆ ಬಾಗಿಲಿಗೆ ಬರುತ್ತಾರೆ.

ಅಮ್ಮನೂ ಹೋಗಲಿ ಬಿಡು ಎಂದಳು. ಹನಿ ಮುಂದುವರಿಸಿದ್ದೇವೆ.

ಜೊತೆಯಲ್ಲಿ ಕೆಲಸ ಮಾಡುವವರ ಹತ್ತಿರ ಜಗಳ ಒಳ್ಳೆಯದಲ್ಲ.

ಇಂತಿ,
ಅಪ್ಪ


ಏಪ್ರಿಲ್ 19

ಅಪ್ಪ,

ಈ ಪತ್ರ ನಿಮಗೊಬ್ಬರಿಗೇ. ಅಮ್ಮನಿಗೆ ಓದಬೇಡಿ, ಸಂಕಟಪಡುತ್ತಾಳೆ.

ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋಗಿದ್ದೆ. ಮೂರು ಕೌಂಟರು ಸುತ್ತಿಸಿದರು. ಕೊನೆಯ ಕೌಂಟರಿನಲ್ಲಿ ನನ್ನ ವಯಸ್ಸಿನವಳೇ ಒಬ್ಬ ಹುಡುಗಿ. ಹೇಳುವ ಹಾಗಿಲ್ಲ ಅಂದಳು. ನನ್ನ ಕೈಯಲ್ಲಿ ಪ್ಲಾಸ್ಟರಿನಿಂದ ಬಿರಿದ ಬೆರಳುಗಳನ್ನು ನೋಡಿದಳೋ ಏನೋ, ಪರದೆಯನ್ನು ಸ್ವಲ್ಪ ಈ ಕಡೆ ತಿರುಗಿಸಿ ನೀರು ಕುಡಿಯಲು ಎದ್ದು ಹೋದಳು.

ಪರದೆಯ ಮೇಲೆ ಎರಡು ಕಾಲಂ. ಒಂದು, ಕೆಲಸದ ಸ್ಥಳ. "ಸಹೋದ್ಯೋಗಿ ದೃಢಪಡಿಸಿದ್ದಾರೆ. ಹೊಸಬಳು, ಕೈ ಶುದ್ಧ, ಬಿಟ್ಟು ಹೋಗುವವಳಲ್ಲ, ಬೇಕಾದರೆ ನಾನು ಬರೆದುಕೊಡುತ್ತೇನೆ ಎಂದರು." ಅದು ಮೇಣದಕ್ಕ. ಎರಡು, ಬಂಧು. "ಅರ್ಜಿದಾರಳ ತಂದೆ. ಕೆಲಸದಲ್ಲಿ ಸ್ಥಿರತೆ ಇಲ್ಲ, ಕೊಡಬಾರದು ಎಂದು ಸ್ಪಷ್ಟವಾಗಿ ತಿಳಿಸಿದರು."

ಸ್ಪಷ್ಟವಾಗಿ! ನಿಮ್ಮ ಮಾತು ಯಾವಾಗಲೂ ಸ್ಪಷ್ಟ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಿಕೊಳ್ಳುವುದು ಅಪ್ಪ? ಗೊತ್ತಿಲ್ಲ ಅಂದಿದ್ದರೂ ಆಗುತ್ತಿತ್ತು. ಫೋನ್ ಎತ್ತದಿದ್ದರೂ ಆಗುತ್ತಿತ್ತು. ಮೂರು ದಿನ ಎತ್ತದಿದ್ದರೆ ಬೇರೆಯವರ ಹೆಸರು ಕೇಳುತ್ತಿದ್ದರಂತೆ. ಎತ್ತಿದಿರಿ, ಹೇಳಿದಿರಿ, ಆಮೇಲೆ ನನಗೆ "ಆಗುವುದೆಲ್ಲ ಒಳ್ಳೆಯದಕ್ಕೇ" ಎಂದು ಬರೆದಿರಿ. ಜಗಳ ಒಳ್ಳೆಯದಲ್ಲ ಎಂದು ಬುದ್ಧಿಯನ್ನೂ ಹೇಳಿದಿರಿ. ನಾನು ಆ ಹೆಂಗಸಿನ ಮುಖಕ್ಕೆ ಉಗಿದದ್ದು ನಿಮ್ಮ ಪಾಲಿನದು.

ಅವರ ಮೇಜಿನ ಮುಂದೆ ನಿಂತು ತಪ್ಪಾಯಿತು ಎಂದೆ. "ಹಾಳಾಗ್ಲಿ, ಬೈದಿದ್ದು ತಾಯಿಗೋಸ್ಕರ ತಾನೆ" ಅಂದರು. ಯಾರು ಕೆಡಿಸಿದ್ದು ಎಂದು ಕೇಳಿದರು. ಹೇಳಲು ನಾಚಿಕೆಯಾಗಿ, ಗೊತ್ತಾಗಲಿಲ್ಲ ಎಂದೆ.

ಯಾಕೆ ಎಂದು ಬರೆಯಿರಿ. ಬರೆಯದ ಮಾತು ಗಾಳಿಮಾತು.

ಮಗಳು


ಏಪ್ರಿಲ್ 30

ಮಗಳಿಗೆ,

ಹೌದು, ಹೇಳಿದೆ. ಫೋನ್ ಮಾಡಿದವನು ನಾನೇ ಕೆಲಸ ಕಲಿಸಿದ ಹುಡುಗ, ಈಗ ದೊಡ್ಡ ಜಾಗದಲ್ಲಿದ್ದಾನೆ. "ಸಾರ್, ನಿಮ್ಮ ಮಗಳಂತೆ, ಕಣ್ಮುಚ್ಚಿ ಪಾಸ್ ಮಾಡ್ತೀನಿ, ಒಂದ್ ಮಾತು ಹೇಳಿ ಸಾಕು" ಅಂದ. ಹಾಗಂದದ್ದಕ್ಕೇ ನನಗೆ ಸುಳ್ಳು ಹೇಳಲಾಗಲಿಲ್ಲ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಬರೆಯುತ್ತೇನೆ. ಎಂಟು ವರ್ಷದ ಹಿಂದೆ ನಿನ್ನ ಅಣ್ಣ ಹನ್ನೊಂದು ದಿನದ ನೌಕರಿಯಲ್ಲಿದ್ದಾಗ ಕಾರ್ಡಿಗೆ ಅರ್ಜಿ ಹಾಕಿದ. ನಮ್ಮ ಬೀದಿಯ ತನಿಖೆ ನನ್ನ ಪಾಲಿನದಾಗಿತ್ತು. ಅರ್ಜಿ ನನ್ನ ಕೈಗೇ ಬಂತು. ಮಗನದು ಎಂದು ತಿಳಿಸಿ ಬೇರೆಯವರಿಗೆ ವರ್ಗಾಯಿಸಬೇಕಿತ್ತು. ವರ್ಗಾಯಿಸಲಿಲ್ಲ. ಎರಡು ವರ್ಷದಿಂದ ಕೆಲಸದಲ್ಲಿದ್ದಾನೆ, ನಂಬಿಕಸ್ಥ ಎಂದು ಬರೆದೆ. ಪಕ್ಕದ ಎರಡು ಮನೆಯ ಹೇಳಿಕೆಯನ್ನೂ ನಾನೇ ಕೂತು ಬರೆದೆ. ಇಪ್ಪತ್ತಾರು ವರ್ಷದಲ್ಲಿ ಅದೊಂದೇ. ಅವನು ಆ ಕಾರ್ಡನ್ನು ಬಳಿದು ಖಾಲಿ ಮಾಡಿ, ಕೆಲಸ ಬಿಟ್ಟು, ಊರು ಬಿಟ್ಟು ಹೋದದ್ದು ನೀನು ನೋಡಿದ್ದೀಯ. ಯಾಕೆ ಹೋದ ಎಂದು ನಿನಗೆ ನಾವು ಹೇಳಲಿಲ್ಲ. ಕಚೇರಿಯವರು ನನ್ನನ್ನು ಬೀದಿ ಕೆಲಸದಿಂದ ತೆಗೆದು ಫೋನಿನ ಮುಂದೆ ಕೂರಿಸಿದರು, ಎರಡು ವರ್ಷ ಮುಂಚಿತವಾಗಿ ಮನೆಗೆ ಕಳಿಸಿದರು. ಹೊರಗೆ ನಿವೃತ್ತಿ ಎಂದು ಹೇಳಿಕೊಂಡೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು, ಕುಡಿದೆ. ಇನ್ನೊಮ್ಮೆ ಮಕ್ಕಳ ವಿಷಯದಲ್ಲಿ ಸುಳ್ಳು ವರದಿ ಕೊಡುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದ್ದೆ. ನಿನ್ನ ಮೇಲೆ ಕೋಪವಿಲ್ಲ. ನಿಜ ಹೇಳಿದೆ, ಅಷ್ಟೇ.

ಇಂತಿ,
ಅಪ್ಪ


ಮೇ 8

ಅಪ್ಪ,

ಸುಳ್ಳು ಅಣ್ಣನ ಪಾಲಿಗೆ, ನಿಜ ನನ್ನ ಪಾಲಿಗೆ. ಮಕ್ಕಳಿಗೆ ಹಂಚಲು ನಿಮ್ಮ ಹತ್ತಿರ ಏನೂ ಇಲ್ಲ ಅಂದುಕೊಂಡಿದ್ದೆ.

ಆಯಿತು. ನನಗೆ ಮಾಡಿದ್ದನ್ನು ನಾನು ನುಂಗಿಕೊಳ್ಳುತ್ತೇನೆ. ಅಮ್ಮನ ಕಣ್ಣಿನ ವಿಷಯ ಬರೆಯಿರಿ. ಪ್ರತಿ ಪತ್ರದಲ್ಲೂ ಹನಿ, ಹನಿ ಎಂದು ಬರೆಯುತ್ತೀರಿ. ಡಾಕ್ಟರ ಹತ್ತಿರ ಮತ್ತೆ ಕರೆದುಕೊಂಡು ಹೋದಿರಾ? ಅವಳು ಬರುತ್ತೇನೆ ಅನ್ನುತ್ತಾಳೋ ಇಲ್ಲವೋ?

ಮಗಳು


ಜೂನ್ 5

ಅಮ್ಮ,

ಇದು ನಿನಗೆ ಬರೆದ ಪತ್ರ. ಓದುತ್ತಿರುವವರು ನಿನ್ನ ಗಂಡ. ಅವರಿಗೆ ಮೊದಲು ಒಂದು ಮಾತು. ಇದರ ನಕಲನ್ನು ಕೆಳಗಿನ ಮನೆಯ ಟೈಲರ್ ಅಕ್ಕನಿಗೂ ಕಳಿಸಿದ್ದೇನೆ. ಭಾನುವಾರ ಅಂಗಡಿಗೆ ರಜೆ, ಮಧ್ಯಾಹ್ನ ಮೇಲೆ ಬಂದು ನಿನ್ನ ಪಕ್ಕ ಕೂತು ಓದುತ್ತಾರೆ. ಅದಕ್ಕೆ ಮೊದಲು ಓದಿದರೆ ನಿನ್ನ ಗಂಡನ ಬಾಯಿಂದ, ಇಲ್ಲದಿದ್ದರೆ ಅವರ ಬಾಯಿಂದ. ಎರಡು ಬಾಯಿ ಒಂದೇ ಮಾತು ಹೇಳಬೇಕು ಎಂಬುದು ನಿನ್ನ ಗಂಡನದೇ ಪದ್ಧತಿ.

ಅಮ್ಮ, ಟೈಲರ್ ಅಕ್ಕ ಮೊನ್ನೆ ನನಗೆ ಫೋನ್ ಮಾಡಿದ್ದರು. ನೀನು ಮೆಟ್ಟಿಲಲ್ಲಿ ಬಿದ್ದೆಯಂತೆ. ಮೊಣಕೈ ತರಚಿದೆಯಂತೆ. ಆಮೇಲೆ ಹೇಳಿದರು, "ಬಲಗಣ್ಣು ಪೂರ್ತಿ ಹೋಯ್ತು ಕಣಮ್ಮ, ಹತ್ತಿರ ಕೈ ಆಡಿಸಿದ್ರೂ ಗೊತ್ತಾಗಲ್ಲ. ಎಡಗಡೆ ನಿಂತ್ರೂ ನನ್ನ ಗುರುತು ಹಿಡಿದಿದ್ದು ದನಿಯಿಂದ." ನಾನು ಅಳುತ್ತಾ ನಿಂತಿದ್ದೆ. ಅವರಿಗೆ ನನ್ನ ಮೇಲೇ ಸಿಟ್ಟು. "ಈಗ ಅತ್ತು ಏನು? ಒಂದ್ಸಲನಾದ್ರೂ ಬಾಮ್ಮ ಅಂತ ಕರೀಬಾರ್ದಿತ್ತಾ? ಪಾಪ, ಅವರು ಏನಂತಾರೆ ಗೊತ್ತಾ? ಅವಳಿಗೆ ಹೊಸ ಕೆಲಸ, ಹೊಸ ಜನ, ನಾನು ಯಾಕೆ ಭಾರ ಅಂತ."

ಅಮ್ಮ, ನಾನು ನಿನ್ನನ್ನು ಕರೆದಿದ್ದೆ. ಫೆಬ್ರವರಿ ಒಂಬತ್ತಕ್ಕೆ ಕರೆದೆ. ಮಾರ್ಚ್ ಆರಕ್ಕೆ ಕರೆದೆ. ಮಾರ್ಚ್ ಇಪ್ಪತ್ತನಾಲ್ಕಕ್ಕೆ ಖಂಡಿತ ಕರೆದುಕೊಂಡು ಬರುತ್ತೇನೆ ಎಂದು ಬರೆದೆ. ಆಸ್ಪತ್ರೆ ವಿಚಾರಿಸಿದ್ದೆ, ರೂಮು ನೋಡಿದ್ದೆ, ಅದಕ್ಕಾಗಿಯೇ ಕಾರ್ಡಿಗೆ ಅರ್ಜಿ ಹಾಕಿದ್ದೆ. ಹದಿನೆಂಟು ಮೆಟ್ಟಿಲು ಎಂದು ಕೂಡ ಬರೆದಿದ್ದೆ. ನಿನಗೆ ಇದ್ಯಾವುದೂ ಗೊತ್ತಿಲ್ಲ. ನನ್ನ ಪತ್ರಗಳಲ್ಲಿ ನಿನಗೆ ಕೇಳಿಸಿದ್ದು ಬರೀ ಮೇಣದಕ್ಕನ ತಮಾಷೆಗಳಂತೆ. ಆತುರವೇನಿಲ್ಲ ಎಂದು ನೀನು ಯಾವತ್ತೂ ಹೇಳಲಿಲ್ಲವಂತೆ. ಹೇಳುವುದಕ್ಕೆ ನಿನ್ನನ್ನು ಯಾರೂ ಕೇಳಿಯೇ ಇರಲಿಲ್ಲ.

ಕಾರ್ಡು ಬರದಂತೆ ಮಾಡಿದವರು ನಿನ್ನ ಗಂಡ. ಬ್ಯಾಂಕಿನವರು ಕೇಳಿದಾಗ ಮಗಳಿಗೆ ಕೊಡಬೇಡಿ ಎಂದರು. ನಿಜ ಹೇಳಿದೆ ಎಂದು ನನಗೆ ಬರೆದರು. ನಾನು ಒಂದು ತಿಂಗಳು ಅದನ್ನು ನಂಬಿ, ನನ್ನ ಹಣೆಬರಹ ಎಂದುಕೊಂಡಿದ್ದೆ. ನಿಜ ಹೇಳುವವರು ನಿನಗೆ ಯಾಕೆ ಸುಳ್ಳು ಓದಿದರು? ಕಾರ್ಡಿಗೂ ಐದು ವಾರಕ್ಕೂ ಅಣ್ಣನಿಗೂ ಸಂಬಂಧವೇ ಇರಲಿಲ್ಲ ಅಮ್ಮ. ನೀನು ಬಾಗಿಲು ದಾಟಬಾರದಿತ್ತು, ಅಷ್ಟೇ.

ನಾನೂ ಒಂದು ತಪ್ಪು ಮಾಡಿದ್ದೇನೆ. ಏಪ್ರಿಲಿನ ಪತ್ರವನ್ನು ನಿನಗೆ ಓದಬೇಡಿ ಎಂದು ನಾನೇ ಬರೆದೆ. ಅದನ್ನಂತೂ ಚಾಚೂ ತಪ್ಪದೆ ಪಾಲಿಸಿದರು.

ಈಗ ನನಗೆ ಕಾರ್ಡು ಬೇಡ. ಮೇಣದಕ್ಕನ ಮನೆಯಲ್ಲಿ ಹಿಂದುಗಡೆ ಒಂದು ಕೋಣೆ ಖಾಲಿ ಇದೆ. ವಿಷಯ ಕೇಳಿ, "ಅಡ್ವಾನ್ಸೂ ಬೇಡ ಏನೂ ಬೇಡ, ಕರ್ಕೊಂಡ್ ಬಾ, ನನಗೂ ಮಾತಾಡೋಕೆ ಒಬ್ರು ಬೇಕು" ಎಂದರು. ನಾನು ಎಲ್ಲರೆದುರು ಉಗಿದ ಹೆಂಗಸು ಅವರು. ಆಸ್ಪತ್ರೆಯವರು ಹೇಳಿದರು, ಬಲಗಣ್ಣಿಗೆ ಇನ್ನೇನೂ ಮಾಡುವ ಹಾಗಿಲ್ಲ, ಎಡಗಣ್ಣಿಗೆ ಇನ್ನೂ ಸಮಯವಿದೆ, ಆದರೆ ದಿನ ಎಣಿಸಬೇಕು. ಮಾರ್ಚಿನಲ್ಲಿ ಬಂದಿದ್ದರೆ ಎರಡೂ ಉಳಿಯುತ್ತಿದ್ದವೇನೋ ಎಂದರು.

ಬಂದುಬಿಡು ಅಮ್ಮ. ಇದು ನಾಲ್ಕನೇ ಸಲ ಕರೆಯುತ್ತಿರುವುದು. ನಿನಗೆ ಕೇಳಿಸುತ್ತಿರುವುದು ಮೊದಲನೇ ಸಲ.

ನಿನ್ನ
ಮಗಳು


ಜೂನ್ 18

ಮಗಳಿಗೆ,

ಪತ್ರ ಶುಕ್ರವಾರ ಬಂತು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಅವಳಿಗೆ ಓದಿದೆ. ಭಾನುವಾರಕ್ಕೆ ಹೆದರಿ ಓದಿದೆ ಎಂದು ನೀನು ತಿಳಿದರೆ ತಪ್ಪಿಲ್ಲ. ಪೂರ್ತಿ ಓದಿದೆ. ನೀನು ನನ್ನನ್ನು ಅಪ್ಪ ಎನ್ನದೆ "ನಿನ್ನ ಗಂಡ" ಎಂದು ಬರೆದ ಕಡೆಗಳಲ್ಲೆಲ್ಲ ಹಾಗೆಯೇ ಓದಿದೆ. ಟೈಲರ್ ಅಕ್ಕ ಮರುದಿನ ಬಂದು ಇನ್ನೊಮ್ಮೆ ಓದಿದರು, ವ್ಯತ್ಯಾಸ ಸಿಗಲಿಲ್ಲ.

ಮುಗಿದ ಮೇಲೆ ಅವಳು "ಹಾಗಾದ್ರೆ ಅವಳು ನನ್ನ ಕರೆದಿದ್ಳಾ?" ಎಂದಳು. ಹೌದು ಎಂದೆ. ನಾನು ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ. ಅವಳು ಅತ್ತಳು, ಆದರೆ ಅದು ನನ್ನ ಮೇಲಿನ ಸಿಟ್ಟಿಗಲ್ಲ. "ನನ್ನ ಮಗಳು ನನ್ನ ಮರೆತಿರ್ಲಿಲ್ಲ" ಎಂದು ಅಷ್ಟನ್ನೇ ಹೇಳಿಕೊಂಡು ಸಂತೋಷಕ್ಕೆ ಅತ್ತಳು. ನಾನು ಅಲ್ಲೇ ಇದ್ದದ್ದು ಅವಳ ಗಮನದಲ್ಲಿತ್ತೋ ಇಲ್ಲವೋ ತಿಳಿಯದು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಕೇಳಿದಳು, "ಯಾಕೆ ಹಾಗೆ ಮಾಡಿದ್ರಿ?" ನಿನಗೆ ಬರೆದ ಕಾರಣ ಅವಳೆದುರು ಬಾಯಿಗೆ ಬರಲಿಲ್ಲ. ನಾನು ನಿನ್ನ ಬಗ್ಗೆ ಹೇಳಿದ್ದು ನಿಜವೇ ಇರಬಹುದು, ಹೇಳಿದ್ದು ನಿಜಕ್ಕಾಗಿ ಅಲ್ಲ. ಮಗ ಹೋದ, ನೀನು ಹೋದೆ. ಮೂವತ್ತನಾಲ್ಕು ವರ್ಷದಲ್ಲಿ ನಾನು ಅವಳನ್ನು ಊಟ ಆಯಿತಾ ಎಂದು ಕೇಳಿದವನಲ್ಲ. ಅವಳೂ ಹೋದರೆ ನನ್ನಂಥವನ ಹತ್ತಿರ ಏಕೆ ವಾಪಸ್ ಬರಬೇಕು? ನಾನೇ ತನಿಖೆಗೆ ಹೋಗಿದ್ದರೆ ಈ ಮನೆಯ ಬಗ್ಗೆ ಒಳ್ಳೆಯ ವರದಿ ಬರೆಯುತ್ತಿರಲಿಲ್ಲ. "ನೀನು ಹೋದ್ರೆ ಬರಲ್ಲ ಅನ್ಕೊಂಡೆ" ಎಂದೆ.

"ಆಗ ಬರ್ತಿದ್ದೆ" ಎಂದಳು.

ಹನಿಯನ್ನು ಗಡಿಯಾರ ನೋಡಿಯೇ ಹಾಕುತ್ತಿದ್ದೆ. ಅದನ್ನಾದರೂ ನೀನು ನಂಬಬೇಕು ಎಂದು ನನಗೆ ಆಸೆ. ನಂಬದಿದ್ದರೆ ಕೇಳುವ ಹಕ್ಕು ನನಗಿಲ್ಲ.

ಇಪ್ಪತ್ತೈದನೇ ತಾರೀಖು ಗುರುವಾರ ಬೆಳಿಗ್ಗೆ ಆರೂವರೆಯ ಬಸ್ಸು. ಕಿಟಕಿ ಪಕ್ಕದ ಸೀಟು ಬೇಕು ಎಂದಳು, ಕಾದಿರಿಸಿದ್ದೇನೆ. ಟೈಲರ್ ಅಕ್ಕ ಜೊತೆಗೆ ಬರುತ್ತಾರೆ. ನಾನು ಬರುತ್ತೇನೆ ಅಂದದ್ದಕ್ಕೆ ಬೇಡ ಅಂದಳು. ಸಂಜೆ ನಾಲ್ಕಕ್ಕೆ ನಿಲ್ದಾಣದಲ್ಲಿ ಇರು. ಬಸ್ಸಿನ ಮೆಟ್ಟಿಲು ಎತ್ತರ, ಬಲಗಡೆಯಿಂದ ಕೈ ಹಿಡಿದುಕೋ.

ಇವತ್ತು ಬೆಳಿಗ್ಗೆಯಿಂದ ಚೀಲ ತುಂಬುತ್ತಿದ್ದಾಳೆ. ಒಂದೊಂದು ಬಟ್ಟೆಯನ್ನೂ ಕೆನ್ನೆಗೆ ಒತ್ತಿ ಯಾವುದೆಂದು ತಿಳಿದು ಮಡಿಸುತ್ತಾಳೆ. ಬಹಳ ಹೊತ್ತು ಹಿಡಿಯುತ್ತದೆ. ನೋಡಲಾರದೆ, "ಕೊಡು, ನಾನು ತುಂಬಿ ಕೊಡ್ತೀನಿ" ಎಂದು ಕೈ ಚಾಚಿದೆ.

ಚೀಲವನ್ನು ತನ್ನ ಕಡೆ ಎಳೆದುಕೊಂಡಳು. "ಬೇಡ. ನೀವು ಏನ್ ಹಾಕಿದ್ರಿ, ಏನ್ ಬಿಟ್ರಿ ಅಂತ ನನಗೆ ಕಾಣಲ್ಲ" ಎಂದಳು.

ಇಂತಿ,
ಅಪ್ಪ